ಸುಬೇದಾರನ ರೊಟ್ಟಿಯಲ್ಲಿ ಉಳ್ಳಾಗಡ್ಡಿ

ತಳಕಲ್ಲಿನ ಅಮರಪ್ಪನಿಗೆ ಮೂವತ್ತೆರಡು ಕುರಿ, ಎರಡು ಎಕರೆ ಉಳ್ಳಾಗಡ್ಡಿ (ಈರುಳ್ಳಿ) ಹೊಲ, ಸುಬೇದಾರ ಎಂಬ ಒಂದು ನಾಯಿ. ಹೆಂಡತಿ ವಿರೂಪಾಕ್ಷಮ್ಮನ ಮಾತನ್ನು ಅವನು ಕೇಳುತ್ತಿದ್ದುದು ಅಷ್ಟಕ್ಕಷ್ಟೇ. ನಾಯಿಯ ಮಾತನ್ನು ಮಾತ್ರ ತಪ್ಪದೆ ಕೇಳುತ್ತಿದ್ದ. ಸುಬೇದಾರ ಒಂದು ಸಲ ಬೊಗಳಿದರೆ ಸಾಕು, ಕಂಬಳಿ ಕೊಡವಿ ಎದ್ದೇಬಿಡುತ್ತಿದ್ದ. ಹೋದ ವರ್ಷ ಗುಡ್ಡದ ಓರೆಯಲ್ಲಿ ತೋಳ ಹಿಂಡಿನ ಮೇಲೆ ಬಿದ್ದಾಗ ಕುರಿ ಉಳಿಸಿದ್ದು ಇದೇ ಸುಬೇದಾರ. ಅದರ ಎಡಗಿವಿ ಅವತ್ತೇ ಹರಿದದ್ದು.

ಅಂಥ ನಾಯಿ ಒಂದು ದಿನ ಬೆಳಗ್ಗೆ ಹಟ್ಟಿಯ ಬಾಗಿಲಲ್ಲಿ ಮಲಗಿದ್ದು ಏಳಲೇ ಇಲ್ಲ. ಕುರಿಗಳು ಅದನ್ನು ದಾಟಿಕೊಂಡು ಹೊರಗೆ ಬಂದವು. ರೊಟ್ಟಿ ತೋರಿಸಿದರೆ ಮುಖ ತಿರುಗಿಸಿತು. ಕಡೆಗೆ ತಡವರಿಸುತ್ತ ಎದ್ದು, ಗೋಡೆಗೆ ಒರಗಿ ಉಚ್ಚೆ ಹೊಯ್ದಿತು. ಅದು ಹಾಲು ಹಾಕದ ಚಹಾದಷ್ಟು ಕೆಂಪಗಿತ್ತು.

“ಯಾರೋ ವಿಷ ಹಾಕ್ಯಾರ!” ಎಂದು ಅಮರಪ್ಪ ಕೂಗಿದ.

ಯಾರೋ ಎಂದನಾದರೂ ಕಣ್ಣು ಪಕ್ಕದ ಮನೆಯ ಹನುಮೇಶನ ಬಾಗಿಲ ಮೇಲೇ ಇತ್ತು. ಹೋದ ವಾರ ಸುಬೇದಾರ ಹನುಮೇಶನ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿತ್ತು. “ನಿನ್ನ ನಾಯೀನ ಕಟ್ಟಿ ಹಾಕು ಅಮರಣ್ಣ, ಇಲ್ಲಾಂದ್ರ ನಾ ಸುಮ್ಮನಿರಂಗಿಲ್ಲ” ಎಂದು ಅವನು ಓಣಿಗೆಲ್ಲ ಕೇಳುವಂತೆ ಒದರಿದ್ದ. ಅಮರಪ್ಪನಿಗೆ ಇನ್ನೇನು ಸಾಕ್ಷಿ ಬೇಕು?

“ಮೊದಲ ನಾಯಿ ನೋಡ್ರಿ. ಜಗಳ ಆಮ್ಯಾಲ ಮಾಡೀರಂತ,” ಎಂದ ವಿರೂಪಾಕ್ಷಮ್ಮ ಗುಲ್ಶನಳಿಗೆ ಫೋನು ಹಚ್ಚಿದಳು. ಗುಲ್ಶನ ಊರಿನ ಪಶುಸಖಿ. ಸ್ವಸಹಾಯ ಸಂಘದವರ ಆಡು, ಕುರಿ, ಎಮ್ಮೆಗಳ ಯೋಗಕ್ಷೇಮ ನೋಡಿಕೊಳ್ಳುವ ತರಬೇತಿ ಪಡೆದವಳು.

“ಆಕಿಗೆ ಕುರಿ ಗೊತ್ತು. ನಾಯಿ ಸುದ್ದಿ ಏನ್ ಗೊತ್ತೈತಿ?” ಎಂದು ಅಮರಪ್ಪ ಗೊಣಗಿದ. ವಿಷ ಕಕ್ಕಿಸಬೇಕೆಂದು ಒಂದು ಚೊಂಬು ಉಪ್ಪುನೀರು ಕಲಸಿಕೊಂಡು ನಾಯಿಯ ಬಾಯಿ ಬಿಡಿಸುವಷ್ಟರಲ್ಲಿ ಗುಲ್ಶನಳ ಸ್ಕೂಟಿ ಬಂದು ನಿಂತಿತು.

“ಕಾಕಾ, ಅದನ್ನ ಇಡ್ರಿ ಕೆಳಗ! ಉಪ್ಪುನೀರು ಶ್ವಾಸಕೋಶಕ್ಕ ಇಳದ್ರ ಇದ್ದ ಜೀವಾನೂ ಹೋಗ್ತೈತಿ.”

ಅವಳು ಕೂತು ಸುಬೇದಾರನ ತುಟಿ ಎತ್ತಿ ನೋಡಿದಳು. ಕೆಂಪಗಿರಬೇಕಾದ ವಸಡು ಸುಣ್ಣ ಬಳಿದಂತೆ ಬಿಳಿಚಿತ್ತು.

“ಈ ಎಂಟು ದಿನದಾಗ ಏನೇನು ತಿನಿಸೀರಿ?”

“ನಾವು ತಿಂದಿದ್ದ ತಿಂದೈತಿ. ರೊಟ್ಟಿ, ಉಳ್ಳಾಗಡ್ಡಿ ಪಲ್ಯ. ಮತ್ತ ದಿನಾ ಎರಡು ಹಸೀ ಉಳ್ಳಾಗಡ್ಡಿ ಜಜ್ಜಿ ರೊಟ್ಟ್ಯಾಗ ಕಲಸೇನಿ.”

“ಹಸೀದು ಯಾಕ್ರೀ?”

“ನಾಯಿ ಚುರುಕ ಆಗ್ತೈತವಾ! ನಮ್ಮಪ್ಪನೂ ಹಂಗ ಮಾಡ್ತಿದ್ದ. ಅದೂ ಅಲ್ದ, ಈ ಸಣ್ಣ ಗಡ್ಡಿ ಪ್ಯಾಟ್ಯಾಗ ಯಾರೂ ಒಯ್ಯಂಗಿಲ್ಲ. ಚೆಲ್ಲೂದ್ಯಾಕ?” ಎಂದ ಅಮರಪ್ಪ, ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿದ್ದ ಗೋಲಿ ಗಾತ್ರದ ಉಳ್ಳಾಗಡ್ಡಿಯನ್ನು ತೋರಿಸಿದ.

ಗುಲ್ಶನ ಎದ್ದು ನಿಂತಳು. “ನನಗ ಸಂಶಯ ಅದರ ಮ್ಯಾಲೇ ಐತಿ ಕಾಕಾ. ಆದ್ರ ಹೇಳಬೇಕಾದವ್ರು ಡಾಕ್ಟರು. ಗಾಡಿ ನೋಡ್ರಿ, ಲಗೂನ ಹೋಗೂಣು.”

ಗಾಡಿ ಅಂದರೆ ಓಣಿಯಲ್ಲಿ ಇದ್ದದ್ದು ಒಂದೇ, ಹನುಮೇಶನ ಮೂರು ಗಾಲಿಯ ಟಂಟಂ. ಅಮರಪ್ಪ ನಿಂತಲ್ಲೇ ಕಲ್ಲಾದ. ಅಷ್ಟರಲ್ಲಿ ಗಲಾಟೆ ಕೇಳಿ ಹನುಮೇಶನೇ ಹೊರಗೆ ಬಂದ. ಸುಬೇದಾರನನ್ನು ನೋಡಿ, ಹಲ್ಲುಜ್ಜುತ್ತಿದ್ದವನು ಬಾಯಿ ಕೂಡ ತೊಳೆಯಲಿಲ್ಲ. “ಅಯ್ಯ, ಇದಕ್ಕೇನಾತು!” ಎಂದವನೇ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯಲ್ಲಿ ಮಲಗಿಸಿದ. ದಾರಿಯುದ್ದಕ್ಕೂ ಅಮರಪ್ಪ ನಾಯಿಯ ಹರಿದ ಕಿವಿಯನ್ನು ಸವರುತ್ತ ಕೂತಿದ್ದ.

ಪಶು ಆಸ್ಪತ್ರೆಯಲ್ಲಿ ಡಾಕ್ಟರು ರಕ್ತ ತೆಗೆದು ಪರೀಕ್ಷೆ ಮಾಡಿದರು, ಸಲೈನು ಹಚ್ಚಿದರು. ಗುಲ್ಶನಳ ಸಂಶಯ ಖರೆಯಾಗಿತ್ತು.

“ಹೊರಗಿನ ವಿಷ ಅಲ್ಲ ಇದು. ಉಳ್ಳಾಗಡ್ಡಿ ನಾಯಿಯ ರಕ್ತ ಒಡೀತೈತಿ,” ಎಂದರು ಡಾಕ್ಟರು. “ಹಸೀ ಇರ್ಲಿ, ಬೇಯ್ಸಿದ್ದಿರ್ಲಿ, ಒಣಗಿಸಿ ಪುಡಿ ಮಾಡಿದ್ದಿರ್ಲಿ, ಎಲ್ಲಾ ಒಂದ. ಬಳ್ಳೊಳ್ಳಿನೂ ಹಂಗ.”

“ನಾವು ದಿನಾ ತಿಂತೀವಲ್ರೀ ಸಾಹೇಬ್ರ?”

“ನಮಗ ಆಗಿಬರ್ತೈತಿ, ಅದಕ್ಕ ಆಗಿಬರಂಗಿಲ್ಲ.”

“ಮತ್ತ ನಮ್ಮಪ್ಪನ ನಾಯಿಗೋಳು...”

“ಎಷ್ಟು ವರ್ಷ ಬದುಕಿದ್ವು ಕಾಕಾ?” ಎಂದು ಗುಲ್ಶನ ಮೆಲ್ಲಗೆ ಕೇಳಿದಳು.

ಅಮರಪ್ಪ ಬೆರಳು ಮಡಿಚಿ ಎಣಿಸಿದ. ಅಪ್ಪನ ನಾಯಿ ಮೋತ್ಯಾ ಸತ್ತದ್ದು ಉಳ್ಳಾಗಡ್ಡಿ ಕೀಳುವಾಗ. ಅದಾದ ಮೇಲೆ ತಂದ ಕೆಂಚನೂ ಮುಂದೊಂದು ವರ್ಷ ಅದೇ ಸುಗ್ಗಿಯಲ್ಲಿ ಸತ್ತಿತ್ತು. ದೃಷ್ಟಿ ತಾಗಿತೆಂದು ಅಪ್ಪ ಎರಡು ಸಲವೂ ಹಟ್ಟಿಗೆ ನಿಂಬೆಹಣ್ಣು ಕಟ್ಟಿದ್ದ. ಅಮರಪ್ಪ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತುಬಿಟ್ಟ.

ಮೂರು ದಿನ ಟಂಟಂ ಆಸ್ಪತ್ರೆಗೆ ಹೋಗಿ ಬಂತು. ಹನುಮೇಶ ಒಂದು ದಿನವೂ ಬಾಡಿಗೆಯ ಮಾತೆತ್ತಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಓಣಿಯಲ್ಲಿ ಕೋಳಿಯೊಂದು ಕಿರುಚಿಕೊಂಡು ಓಡಿತು. ಹಿಂದೆಯೇ ಸುಬೇದಾರ! ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಡುತ್ತ ಕೂತಿತು. ಅಮರಪ್ಪನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಓಡಿಹೋಗಿ ನಾಯಿಯ ತುಟಿ ಎತ್ತಿ ನೋಡಿದ. ವಸಡಿಗೆ ಕೆಂಪು ತಿರುಗತೊಡಗಿತ್ತು.

“ಹನುಮೇಶ,” ಎಂದ, ಬಾಗಿಲಲ್ಲಿ ನಿಂತಿದ್ದವನ ಕಡೆ ತಿರುಗಿ. “ನೀನ ವಿಷ ಹಾಕೀಯಂತ ತಿಳಕೊಂಡಿದ್ದೆ.”

“ಕೋಳಿ ಸಲುವಾಗಿ? ನಾನು?”

“ಹೂಂ. ಹಾಕಿದಾಂವ ನಾನ ತಮ್ಮಾ. ದಿನಾ ನನ್ನ ಕೈಯಾರೆ ಕಲಸಿ ಹಾಕೇನಿ.”

ಹನುಮೇಶ ಬಾಗಿಲು ಪೂರ್ತಿ ತೆಗೆದ. “ಬಾ, ಚಹಾ ಕುಡಿಯೂಣು,” ಎಂದ.

ತಪ್ಪು ಗೊತ್ತಾದ ಮೇಲೆ ಅಮರಪ್ಪ ಅತಿ ಮಾಡುವವನೇ. ಗಂಗಾವತಿಗೆ ಹೋದವನು ನಾಯಿ ಆಹಾರದ ಕಾಳು ಎರಡು ಕಿಲೋ ತಂದ. ತೆರೆದ ಚೀಲದಿಂದ ತೂಗಿ ಕೊಟ್ಟದ್ದು, ಭಾಳ ಸೋವಿ, ಅಗ್ಗದ ಮಾಲು. ಗುಲ್ಶನ ಮೂಸಿ ನೋಡಿ ಮೂಗು ಮುರಿದಳು.

“ಮುಗ್ಗಲ ವಾಸನಿ ಐತಿ ಕಾಕಾ. ಬೂಸ್ಟು ಹಿಡಿದಿದ್ದು ತಿಂದ್ರ ಲಿವರು ಹೋಗ್ತೈತಿ. ತರೂದಾದ್ರ ಸೀಲ್ ಇದ್ದ ಪಾಕೀಟು ತರ್ರಿ. ತಯಾರಾದ ತಾರೀಖು, ಮುಗಿಯೋ ತಾರೀಖು ನೋಡ್ರಿ. ಮರಿಗೆ ಬ್ಯಾರೆ, ದೊಡ್ಡ ನಾಯಿಗೆ ಬ್ಯಾರೆ ಇರ್ತಾವು, ಅದನ್ನೂ ನೋಡ್ರಿ. ತಂದ ದಿನಾನ ಗಂಗಾಳ ತುಂಬಿಸಬ್ಯಾಡ್ರಿ. ಹಳೇ ಊಟದಾಗ ಸ್ವಲ್ಪ ಸ್ವಲ್ಪ ಕೂಡಿಸಿ, ಒಂದು ವಾರದಾಗ ರೂಢಿ ಮಾಡಸ್ರಿ.”

“ಅಷ್ಟೆಲ್ಲಾ ಓದಾಕ ನನಗೇನು ಕಣ್ಣು ಕಾಣ್ತಾವೇನವಾ?”

“ಅಂಗಡಿಯವಗ ಓದಾಕ ಹಚ್ರಿ. ಪಾಕೀಟ ಬೇಕಂತಲೂ ಇಲ್ಲ. ಸಪ್ಪನ ಜೋಳದ ರೊಟ್ಟಿ, ಬೇಯ್ಸಿದ ತತ್ತಿ, ಎಲುವು ತೆಗೆದ ಕೋಳಿ, ಕುಂಬಳಕಾಯಿ ಛಲೋ ಊಟನ. ಏನು, ಎಷ್ಟು ಹಾಕೂದು ಅಂತ ಡಾಕ್ಟರನ್ನ ಒಮ್ಮೆ ಕೇಳ್ರಿ. ಬೇಯ್ಸಿದ ಎಲುವು ಮಾತ್ರ ಹಾಕಬ್ಯಾಡ್ರಿ, ಸೀಳಿ ಕರುಳಿಗೆ ಚುಚ್ತಾವು. ಒಣದ್ರಾಕ್ಷಿ, ಚಾಕಲೇಟು, ಚಹಾನೂ ಬ್ಯಾಡ.”

“ಹಂಗಾದ್ರ ಪ್ರೀತಿಗೇನ ಕೊಡೂದು?” ಎಂದ ಅಮರಪ್ಪ ಸಣ್ಣ ಮುಖ ಮಾಡಿಕೊಂಡು.

ಅದಕ್ಕೆ ಉತ್ತರ ವಿರೂಪಾಕ್ಷಮ್ಮನ ಒಲೆಯ ಮೇಲೆ ಸಿಕ್ಕಿತು. ಎರಡು ಬಟ್ಟಲು ಜೋಳದ ಹಿಟ್ಟು, ಬೇಯಿಸಿ ಕಿವುಚಿದ ಒಂದು ದೊಡ್ಡ ಗೆಣಸು, ಒಂದು ತತ್ತಿ. ಗುಲ್ಶನ ಹೇಳುತ್ತ ಹೋದಳು, ವಿರೂಪಾಕ್ಷಮ್ಮ ಗಟ್ಟಿಯಾಗಿ ನಾದಿದಳು. ಎಣ್ಣೆಯಿಲ್ಲ, ಬೆಲ್ಲವಿಲ್ಲ. ಬೆರಳುದ್ದ ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗಲು ಬಿಸ್ಕೀಟಿನಂತೆ ಕಟಕಟ ಅನ್ನುವ ತನಕ ಬೇಯಿಸಿದಳು. ಅಮರಪ್ಪನ ಕೈ ರೂಢಿಯಂತೆ ಉಪ್ಪಿನ ಡಬ್ಬಿಗೆ ಹೋಯಿತು. ವಿರೂಪಾಕ್ಷಮ್ಮ ಸವುಟಿನಿಂದಲೇ ಒಂದು ಕೊಟ್ಟಳು.

ಅವನು ಒಂದನ್ನು ಕಡಿದು ನೋಡಿದ. “ಥೂ, ಸಪ್ಪಗೈತಿ.”

“ನಿಮಗ ಮಾಡಿಲ್ಲ,” ಎಂದಳು ಅವಳು.

ಯಾರಿಗೆ ಮಾಡಿದ್ದೋ ಅದು ಆಗಲೇ ಹೊಸ್ತಿಲಲ್ಲಿ ಕೂತಿತ್ತು. “ಎರಡ ಕೊಡ್ರಿ,” ಎಂದಳು ಗುಲ್ಶನ. “ಇದು ತಿಂಡಿ, ಊಟ ಅಲ್ಲ. ದಿನದ ತಿನಿಸಿನಾಗ ಹತ್ತರಾಗ ಒಂದು ಪಾಲು ಸಾಕು. ಉಳಿದಿದ್ದು ಪೂರ್ತಿ ಆರಿದ ಮ್ಯಾಲ ಡಬ್ಬ್ಯಾಗ ಇಡ್ರಿ, ಮೂರು ದಿನದಾಗ ಮುಗಸ್ರಿ.”

ಮರುವಾರ ಅಮರಪ್ಪ ಕುರಿ ಬಿಟ್ಟುಕೊಂಡು ಗುಡ್ಡದ ಕಡೆ ಹೊರಟ. ಮುಂದೆ ಹರಿದ ಕಿವಿಯ ಸುಬೇದಾರ. ಬಲಗಡೆಯ ಜೇಬಿನಲ್ಲಿ ತನ್ನ ಎಲೆ ಅಡಿಕೆ, ಎಡಗಡೆಯ ಜೇಬಿನಲ್ಲಿ ಅದರ ಬಿಸ್ಕೀಟು. ಎದೆಯ ಮೇಲಿನ ಕಲ್ಲು ಇಳಿಸಿಟ್ಟವನ ಹಾಗೆ ಹಗುರಾಗಿ ನಡೆಯುತ್ತಿದ್ದ. ದಾರಿಯಲ್ಲಿ ನಾಯಿ ಕಟ್ಟಿಕೊಂಡವರು ಯಾರು ಸಿಕ್ಕರೂ ನಿಲ್ಲಿಸಿ, “ರೊಟ್ಟ್ಯಾಗ ಏನ್ ಕಲಸೀರಿ?” ಎಂದು ಕೇಳುವುದು ಅವನಿಗೆ ಚಟವಾಗಿಬಿಟ್ಟಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಅದೇ ಮಾತನ್ನು ಈಗ ನಿಮ್ಮನ್ನೂ ಕೇಳುತ್ತಿದ್ದೇವೆ. ಇವತ್ತು ನಿಮ್ಮ ನಾಯಿಗೆ ಹಾಕುವ ತುತ್ತನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇದ್ದರೆ ಹಾಕಬೇಡಿ. ಬೂಸ್ಟು ಹಿಡಿದದ್ದಾದರೆ ಚೆಲ್ಲಿ. ನಾಯಿ ಊಟ ಬಿಟ್ಟರೆ, ವಸಡು ಬಿಳಿಚಿದರೆ, ಉಚ್ಚೆ ಕೆಂಪಾದರೆ ಮನೆಮದ್ದು ಮಾಡುತ್ತ ಕೂಡಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳಲು ಅದಕ್ಕೆ ಬಾಯಿಲ್ಲ. ನಿಮ್ಮ ಕೈಯಿಂದ ಬಿದ್ದದ್ದನ್ನು ನಂಬಿ ತಿನ್ನುತ್ತದೆ.