ಏಳನೇ ಮೂಲೆ

"ಬಾಯಿ ಬಿಡೋ ಬೋಳಿಮಗನೇ! ಯಾವ ಮರ?"

ಪ್ರೂಡನ್ ಧಣಿಯ ಚಾವಟಿಯ ಹಿಡಿ ಮುದುಕ ಮಿಂಗೊನ ಗದ್ದವನ್ನು ಎತ್ತಿ ಹಿಡಿದಿತ್ತು. ಎದುರಿಗೆ ಎರಡು ಬಿಳಿ ಓಕ್ ಮರ, ಒಂದು ಈಚೆ, ಒಂದು ಆಚೆ. ನಡುವೆ ಗುಲಾಮರನ್ನು ಹೂಳುವ ದಿಬ್ಬ. ಜಮೀನಿನ ಏಳನೇ ಮೂಲೆಯ ಗುರುತು ಎಂದು ಹಕ್ಕುಪತ್ರದಲ್ಲಿ ಇದ್ದದ್ದು 'ತೊರೆಯ ಬಳಿಯ ಬಿಳಿ ಓಕ್' ಎಂದಷ್ಟೇ.

ಈ ವರ್ಜೀನಿಯಾದ ಜಮೀನನ್ನು ಧಣಿಯ ಅಜ್ಜ ಇಂಗ್ಲೆಂಡಿನ ರಾಜನನ್ನು ಕೇಳಿ ಪಡೆದಿದ್ದ. ಕೇಳಬೇಕಾದ ಮೂಲನಿವಾಸಿಗಳು ಇಲ್ಲೇ ಜೋಳ ಬೆಳೆದುಕೊಂಡಿದ್ದರು. ಅಪ್ಪ ಸಿರಿವಂತ ವಿಧವೆಯನ್ನು ಕಟ್ಟಿಕೊಂಡು ಅದನ್ನು ಹಿಗ್ಗಿಸಿದ. ಮೊಮ್ಮಗ ಕುದುರೆ ಪಂದ್ಯದಲ್ಲಿ ಕರಗಿಸುತ್ತಿದ್ದ. ಮೂವರಲ್ಲಿ ಒಬ್ಬನೂ ಗುದ್ದಲಿ ಹಿಡಿದದ್ದನ್ನು ಮಿಂಗೊ ಕಂಡಿರಲಿಲ್ಲ. ಆದರೂ ಊಟಕ್ಕೆ ಕೂತಾಗಲೆಲ್ಲ 'ನಮ್ಮ ಬೆವರಿನ ನೆಲ' ಎಂಬ ಮಾತು ಹಂದಿಮಾಂಸದ ಜೊತೆಗೇ ಮೇಜಿಗೆ ಬರುತ್ತಿತ್ತು.

ಅಜ್ಜನಿಗೆ ಕಾಗದದ ಮೇಲೆ ನಂಬಿಕೆ ಕಮ್ಮಿ. ಗಡಿ ಹಾಕಿಸಿದ ದಿನ ಎಂಟು ವರ್ಷದ ಮಿಂಗೊನನ್ನು ಏಳೂ ಮೂಲೆಗೆ ಎಳೆದೊಯ್ದು ಒಂದೊಂದರಲ್ಲೂ ಹೊಡೆದಿದ್ದ. ನೊಂದದ್ದು ಮರೆಯುವುದಿಲ್ಲವಲ್ಲ. ಅಂದಿನಿಂದ ಪ್ರೂಡನ್ ಮನೆತನದ ನಕ್ಷೆ ಎಂದರೆ ಮಿಂಗೊನ ಬೆನ್ನು.

"ಹೊಗೆಸೊಪ್ಪು ಹಾಕಿ ಹಾಕಿ ಉಳಿದ ಮಣ್ಣೆಲ್ಲ ಬೂದಿ ಆಗೈತೆ," ಎಂದ ಧಣಿ, ಗಡಿ ಬರೆದುಕೊಳ್ಳಲು ಬಂದಿದ್ದ ಇಬ್ಬರು ಗಣ್ಯರಿಗೆ. "ಆ ದಿಬ್ಬ ಮಾತ್ರ ನೇಗಿಲು ಕಂಡಿಲ್ಲ. ಗೊಬ್ಬರಾನೂ ಬೇಡ ಬಿಡಿ, ಅರವತ್ತು ವರ್ಷದಿಂದ ಹಾಕ್ತಾನೇ ಇದೀವಿ!"

ಗಣ್ಯರು ಹೊಟ್ಟೆ ಕುಣಿಸಿ ನಕ್ಕರು. ಒಬ್ಬನ ಗದ್ದದ ಮೇಲೆ ಬೆಳಗಿನ ಬೆಣ್ಣೆ ಇನ್ನೂ ಹೊಳೆಯುತ್ತಿತ್ತು.

ದಿಬ್ಬದಲ್ಲಿ ಮಿಂಗೊನ ಹೆಂಡತಿ ಜುಬಾ ಇದ್ದಳು. ಹೋದ ಚಳಿಗಾಲ ಅವನೇ ಅಗೆದು, ತಲೆಯ ಬಳಿ ಅವಳ ಒಡಕು ನೀಲಿ ತಟ್ಟೆ ಊರಿದ್ದ.

ಪಕ್ಕದ ಜಮೀನಿನ ಟ್ಯಾಟಮ್ ಕೂಡ ಬಂದಿದ್ದ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಧರ್ಮಭೀರು, ತನ್ನ ಗುಲಾಮರನ್ನು ಬಿಡುಗಡೆ ಮಾಡಿ ಕುರಿ ಸಾಕಿಕೊಂಡಿದ್ದ. ಕುರಿ ತುಳಿಯುತ್ತದೆ, ಹಿಕ್ಕೆ ಹಾಕುತ್ತದೆ. ಅಗೆಯುವುದಿಲ್ಲ.

ಅಜ್ಜ ಹೊಡೆದದ್ದು ಆಚೆಯ ಮರದ ಬುಡದಲ್ಲಿ.

"ಈಚೇದು, ಧಣಿ," ಎಂದ ಮಿಂಗೊ.

"ಏನ್ ಬೊಗಳ್ತಿದೀಯೋ? ದಿಬ್ಬ ಪೂರಾ ಟ್ಯಾಟಮ್‌ಗೆ ಹೋಯ್ತದೆ!"

"ಹೊಡೆದೋರು ನಿಮ್ಮ ತಾತೋರು. ದೊಡ್ಡೋರ ಏಟು ಸುಳ್ಳಾಯ್ತದಾ? ಅಂಗಿ ಬಿಚ್ತೀನಿ, ನೀವೇ ಓದ್ಕಳಿ."

ಬೆಣ್ಣೆಗದ್ದದವನು ಕೆಮ್ಮಿದ. "ಇವನ ಮಾತು ಸುಳ್ಳು ಅಂದ್ರೆ ಉಳಿದ ಆರು ಮೂಲೇನೂ ಸುಳ್ಳೇ ಆಗ್ತವೆ, ಪ್ರೂಡನ್. ಯೋಚ್ನೆ ಮಾಡಿ."

ಧಣಿ ಯೋಚನೆ ಮಾಡಿದ. ಮುಖ ಸುಟ್ಟ ಹಂದಿಯ ತೊಡೆಯಂತಾಯಿತು.

"ಬರ್ಕಳಿ!" ಎಂದು ಉಗಿದ. "ಈ ಸೂಳೆಮಗನ್ನ ಮರ ತಬ್ಬಿಸ್ರೋ. ಮರೀಬಾರ್ದಲ್ಲ."

ಟ್ಯಾಟಮ್ ಬಾಯಿ ತೆರೆದ. ಆಮೇಲೆ ಎಷ್ಟು ಎಕರೆ ಇದ್ದೀತು ಎಂಬಂತೆ ದಿಬ್ಬದ ಕಡೆ ನೋಡಿ, ಬಾಯಿ ಮುಚ್ಚಿದ.

ಈಚೆಯ ಮರದಡಿ ಮಿಂಗೊನ ಬೆನ್ನಿಗೆ ಬಿದ್ದದ್ದು ಅದೇ ಮೊದಲ ಏಟು. ಎರಡನೆಯದು ಬಿತ್ತು. ಹಳೆಯ ಗೆರೆಗಳ ಮೇಲೆ ಹೊಸವು ಎದ್ದವು; ಬರೆದುಕೊಳ್ಳುವವನ ಲೇಖನಿಯೂ ಜೊತೆಜೊತೆಗೆ ಕರಕರ ಓಡಿತು. ಕೊನೆಗೆ ಧಣಿಯ ಕೈ ಸೋತಿತು.

ಮಿಂಗೊ ತೊಗಟೆಯಿಂದ ಮುಖ ಎತ್ತಲಿಲ್ಲ.

"ಇನ್ನೊಂದು ಹಾಕಿ, ಧಣಿ. ಮರ್ತುಗಿರ್ತು ಹೋದ್ರೆ?"