ಗಾಜಿನ ಮೂಗು

"ಟೀ ಬುಟ್ರೆ ಇನ್ನೇನೂ ಕುಡುದಿಲ್ಲ ಕಣವ್ವಾ," ಎಂದು ರಾಚ ಬಗ್ಗಿ ಉಸಿರು ಬಿಟ್ಟ. ಗಾಜಿನ ತುಂಡಿಗೆ ತಂತಿ ಕಟ್ಟಿದ್ದ ಮೀಟರಿನ ಮುಳ್ಳು ಸರ್ರನೆ ಬಲಕ್ಕೆ ಹಾರಿತು.

ಪುಟ್ಟಬಸಮ್ಮ ನಕ್ಕಳು. "ದಿಂಬಂ ಅಂಗ್ಡಿ ಟೀಗೆ ಸಾರಾಯಿ ಉಯ್ತಾರಾ, ರಾಚಣ್ಣ?"

"ಅಯ್ಯೋ, ಪೋಲೀಸ್ ನಾಯಿಗಿಂತ ಚುರುಕು ಕಣವ್ವ ಇದು!" ರಾಚ ಗಾಜಿಗೇ ಕೈಮುಗಿದ.

ಆ ಗಾಜಿನ ಮೇಲೆ ಈರುಳ್ಳಿ ಸಿಪ್ಪೆಗಿಂತ ನೂರು ಪಾಲು ತೆಳುವಾದ ತವರದ ಆಕ್ಸೈಡಿನ ಪದರವಿತ್ತು. ಬ್ಯಾಟರಿಯಿಂದ ಕಾಯಿಸಿದಾಗ ಅನಿಲ ಸೋಕಿದರೆ ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿದು ಮುಳ್ಳು ಏಳುತ್ತದೆ. ಮೈಸೂರಿನ ಪ್ರಯೋಗಾಲಯದಲ್ಲಿ ಪುಟ್ಟಬಸಮ್ಮ ಅದನ್ನು ಎರಡು ವರ್ಷ ಒಡೆದು, ಕೆಡಿಸಿ, ಮತ್ತೆ ಮಾಡಿದ್ದಳು. ಎಂಬತ್ತಾರರ ಆ ಬೇಸಿಗೆಯಲ್ಲಿ ಅದನ್ನು ತನ್ನೂರು ಜೀರಹಳ್ಳಿಗೆ ತಂದಿದ್ದು ಹಗೇವಿನ ಕೆಟ್ಟ ಗಾಳಿಯ ಪತ್ತೆಗೆ. ನೆಲದೊಳಗೆ ರಾಗಿ ತುಂಬಿಟ್ಟ ಆ ಗುಂಡಿಯ ಬಾಯಿ ಮೂರು ವರ್ಷದ ಮೇಲೆ ಇವತ್ತು ತೆರೆದಿತ್ತು.

ತಂತಿ ಹಿಡಿದು ಗಾಜನ್ನು ಒಳಕ್ಕೆ ಇಳಿಬಿಟ್ಟಳು. ಮುಳ್ಳು ಅಲ್ಲಾಡಲಿಲ್ಲ.

"ಏನೂ ಇಲ್ಲ."

ರಾಚ ಆಗಲೇ ಸೊಂಟಕ್ಕೆ ಹಗ್ಗ ಬಿಗಿದು ಗುಂಡಿಯೊಳಗೆ ಕಾಲು ಬಿಟ್ಟಿದ್ದ. "ನನ್ ಒಟ್ಟೆ ಒಳಗಿಂದೇ ಕಂಡಿಡೀತು. ಗುಂಡಿ ಒಳಗಿಂದು ಕಾಣಾಕಿಲ್ವಾ?"

"ಕಾಲ್ ಮೇಕೆತ್ಲಾ!"

ಬೆಳಗಿನಿಂದ ಆ ಮೀಟರನ್ನು ಗುರುತಿಲ್ಲದ ನೆಂಟನನ್ನು ನೋಡುವಂತೆ ನೋಡುತ್ತಿದ್ದ ತಾಯಿ ಶಾಂತಮಲ್ಲಮ್ಮ ಈಗ ಕೂಗುತ್ತಲೇ ಎದ್ದು ಬಂದಳು. "ಸಾರಾಯಿ ನಾತ ನನ್ ಮೂಗ್ಗೂ ಗೊತ್ತಾಯ್ತದೆ ಕಣಮ್ಮಿ. ನಾತ ಇಲ್ದೇ ಇರಾದು ನಿನ್ ಗಾಜ್ಗೆ ಗೊತ್ತಾಯ್ತದಾ?"

"ಅನಿಲ ಇದ್ರೆ ಮುಳ್ಳು ಏಳ್ಲೇಬೇಕು, ಅವ್ವ."

"ಯಾವ್ದಿದ್ರೂವೆ?"

ಪುಟ್ಟಬಸಮ್ಮ ತಂತಿಯನ್ನು ಇನ್ನೂ ಒಂದು ಮೊಳ ಇಳಿಬಿಟ್ಟಳು. ಮೈಸೂರಿನಲ್ಲಿ ಅದಕ್ಕೆ ತೋರಿಸಿ ನೋಡಿದ್ದು ಉರಿಯುವ ಅನಿಲಗಳನ್ನಷ್ಟೇ.

"ನಿಮ್ಮಪ್ಪ ಇಲ್ಗೇ ಇಳುದು ಸತ್ತ ದಿನಾನೂ ಯಾವ ನಾತನೂ ಇರ್ನಿಲ್ಲ," ಎಂದಳು ತಾಯಿ ಮಗಳಿಗೆ. ಸೀಮೆಣ್ಣೆ ಬುಡ್ಡಿ ಹಚ್ಚಿ ಹಗ್ಗಕ್ಕೆ ಕಟ್ಟಿ ರಾಚನ ಕಡೆ ತಿರುಗಿದಳು. "ದೀಪ ಉಳುದ್ರೆ ನೀನೂ ಉಳ್ಕತೀಯೆ ಕಣ್ಲಾ."

ರಾಚ ಒಂದೊಂದೇ ಕಾಲು ಮೇಲೆಳೆದುಕೊಂಡ.

ಬುಡ್ಡಿ ಇಳಿಯಿತು. ಎರಡು ಮೊಳ, ಮೂರು ಮೊಳ. ನಾಲ್ಕನೆಯದಕ್ಕೆ ಉರಿ ಕುಗ್ಗಿತು, ನೀಲಿಯಾಯಿತು, ಆರಿತು. ಪಕ್ಕದಲ್ಲೇ ತೂಗುತ್ತಿದ್ದ ಗಾಜಿನ ಮುಳ್ಳು ಇದ್ದಲ್ಲೇ ಇತ್ತು.

ರಾಚ ಸೊಂಟದ ಗಂಟು ಬಿಚ್ಚಲು ನೋಡಿದ, ಅದು ಇನ್ನಷ್ಟು ಬಿಗಿಯಾಯಿತು. ಪುಟ್ಟಬಸಮ್ಮ ಗಾಜನ್ನು ಮೇಲೆಳೆದು ಹಗೇವಿನ ಅಂಚಿಗಿಟ್ಟು, ಅವನ ಗಂಟಿಗೆ ತಾನೇ ಕೈ ಹಾಕಿದಳು.

ಶಾಂತಮಲ್ಲಮ್ಮ ಬುಡ್ಡಿಯನ್ನು ಎತ್ತಿಕೊಂಡಳು. ಬಿಸಿ ಬತ್ತಿಯಿಂದ ಸೀಮೆಣ್ಣೆ ಹೊಗೆಯ ಎಳೆಯೊಂದು ಬಿಚ್ಚಿಕೊಂಡು ಗಾಜನ್ನು ಸವರಿಕೊಂಡು ಹೋಯಿತು.

ಮುಳ್ಳು ಸರ್ರನೆ ಬಲಕ್ಕೆ ಹಾರಿತು.