ನಡುವೆ ನಿಂತ ಹಾಡು

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿದ್ದೇ ಹಾಡು ನಿಂತಿತು.

ಧರ್ಮೇಂದ್ರ ಬಾಗಿಲಲ್ಲೇ ನಿಂತ. ಒಳಗೆ ಹಾರ್ಮೋನಿಯಂನ ಒಂದೇ ಸ್ವರ ಇನ್ನಷ್ಟು ಎಳೆದು, ಗಾಳಿ ತೀರಿ, ಸತ್ತಿತು.

"ನಿಂಬೆಹಣ್ಣು ಸಿಕ್ತಾ?" ಎಂದಳು ಹೆಂಡತಿ ಸುಧಾ.

"ಯಾಕೆ ನಿಲ್ಸಿದ್ರಿ?"

"ಮುಗೀತು."

ಮುಗಿದಿರಲಿಲ್ಲ. ಅವನು ಗೇಟಿನಿಂದಲೇ ಕೇಳಿಸಿಕೊಳ್ಳುತ್ತ ಬಂದಿದ್ದ, ಸಾಲು ಅರ್ಧದಲ್ಲಿತ್ತು. ಸಂಗೀತದ ಮೇಷ್ಟ್ರು ಲೋಕೇಶ ಹಾರ್ಮೋನಿಯಂ ಮುಚ್ಚುತ್ತ "ನಮಸ್ಕಾರ ಸರ್" ಎಂದು ನಕ್ಕ. ಮೊದಮೊದಲು ಸುಧಾಳನ್ನು ಅಕ್ಕಾ ಎನ್ನುತ್ತಿದ್ದವನು ಈಚೆಗೆ ಏನೂ ಎನ್ನುವುದಿಲ್ಲ. ಏನೂ ಎನ್ನದೆ ಮಾತಾಡಿಸುವಷ್ಟು ಹತ್ತಿರ.

ಕುಶಾಲನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವ ಧರ್ಮೇಂದ್ರ ತನ್ನನ್ನು ಸಂಶಯದ ಮನುಷ್ಯ ಎಂದು ಒಪ್ಪುತ್ತಿರಲಿಲ್ಲ. ಗಮನಿಸುವವನು, ಅಷ್ಟೆ. ಬೇಸಿಗೆ ರಜೆಯ ಜೊತೆಗೇ ಮನೆಗೆ ಸಂಗೀತವೂ ಬಂತು. ಭಾನುವಾರದ ಪಾಠ ತಪ್ಪಿಸಲೆಂದೇ ಅವನು ತಿರುಗಾಟ ಹೂಡಿದ. ದುಬಾರೆ, ಚಿಕ್ಲಿಹೊಳೆ, ಮಾಂದಲಪಟ್ಟಿ. ನಮ್ಮೆಜಮಾನ್ರು ಎಷ್ಟು ಬದಲಾಗ್ಬಿಟ್ರು ಎಂದು ಸುಧಾ ಪಕ್ಕದ ಮನೆಯಲ್ಲಿ ಹೇಳಿಕೊಂಡಳು. ಎರಡನೆಯ ಸಲ ಹೊರಟಾಗ ಅವನ ತಾಯಿ ವಿಶಾಲಾಕ್ಷಮ್ಮನೇ "ಪಾಪ, ಒಬ್ನೇ ಇರ್ತಾನೆ. ಮೇಷ್ಟ್ರೂ ಬರ್ಲಿ ಕಣೋ" ಎಂದಳು. ಅಂದಿನಿಂದ ಹಾರ್ಮೋನಿಯಂ ಕೂಡ ಕಾರಿನ ಡಿಕ್ಕಿ ಹತ್ತಿತು.

ಇವತ್ತು ಹಾರಂಗಿ ಹಿನ್ನೀರಿಗೆ. ಲೋಕೇಶ ಮುಂದೆ, ಹೆಂಗಸರು ಹಿಂದೆ. ಧರ್ಮೇಂದ್ರ ಕನ್ನಡಿಯನ್ನು ಸುಧಾಳ ಮುಖಕ್ಕೆ ತಿರುಗಿಸಿಕೊಂಡು ಕಾರು ಓಡಿಸಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಒಮ್ಮೆಯೂ ಮುಂದೆ ನೋಡಲಿಲ್ಲ. ಇಷ್ಟು ಜಾಗ್ರತೆಯಿಂದ ನೋಡದಿರುವುದಕ್ಕೂ ಕಾರಣ ಬೇಕಲ್ಲ.

"ಒಂದು ಹಾಡು ಹೇಳಿ ಮೇಷ್ಟ್ರೆ."

"ಗಂಟಲು ಸರಿ ಇಲ್ಲ ಸರ್."

"ನೀನು?"

"ಕಾರಲ್ಲಿ ಎಂಥ ಹಾಡೋದು," ಎಂದಳು ಸುಧಾ.

ಮಗಳು ಮಾನಸ ಬಾಯಿ ತೆರೆದಳು. ಅಜ್ಜಿ ಅವಳ ಮೊಣಕಾಲು ಒತ್ತಿದಳು. ತನ್ನ ಅಮ್ಮನೂ ಇದರಲ್ಲಿ ಸೇರಿದ್ದಾಳೆ!

ದಂಡೆಯಲ್ಲಿ ಜಮಖಾನ ಹಾಸಿ ಚಿತ್ರಾನ್ನ ತಿಂದರು. ಹವೆ ಚೆನ್ನಾಗಿದೆ ಎಂದು ಲೋಕೇಶ ಎರಡು ಸಲ ಹೇಳಿದ. ಧರ್ಮೇಂದ್ರ ಕೈ ತೊಳೆದು ಎದ್ದ.

"ಪ್ರಿನ್ಸಿಪಾಲ್‌ಗೆ ಫೋನ್ ಮಾಡ್ಬೇಕು. ಇಲ್ಲಿ ಸಿಗ್ನಲ್ ಇಲ್ಲ, ರಸ್ತೆ ತನಕ ಹೋಗಿ ಬರ್ತೀನಿ. ತಡ ಆಗ್ತದೆ."

"ನಿಧಾನಕ್ಕೆ ಬನ್ನಿ," ಎಂದಳು ಸುಧಾ.

ನಿಧಾನಕ್ಕೆ!

ಅವನು ರಸ್ತೆಗೆ ಹೋಗಲಿಲ್ಲ. ದಂಡೆಯ ಹಿಂದೆ ಕಾಡಿನ ಉದ್ದಕ್ಕೂ, ಆನೆ ಊರಿಗೆ ಇಳಿಯದಿರಲೆಂದು ತೋಡಿದ ಕಂದಕವಿತ್ತು. ಕಾಲುದಾರಿಯಲ್ಲಿ ಕಂದಕದ ಮೇಲೆ ಸೇತುವೆಯಂತೆ ಹಾಕಿದ್ದ ಮರದ ದಿಮ್ಮಿ ದಾಟಿ ಕಾಡಿನ ಬದಿಗೆ ಹೋದ. ಪೊದೆಗಳ ಮರೆಯಲ್ಲಿ ಬಗ್ಗಿ, ಜಮಖಾನದ ನೇರಕ್ಕೆ ವಾಪಸು ಬಂದ. ಲಂಟಾನದ ಮುಳ್ಳು ಅಂಗಿಗೆ ಕಚ್ಚಿತು. ನಾಳೆ ತರಗತಿಯಲ್ಲಿ ನಿಂತು ಮಾತಾಡುವ ಮನುಷ್ಯ ಇವನೇನಾ ಎಂದು ತನ್ನ ಬಗ್ಗೆಯೇ ಒಂದು ಕ್ಷಣ ನಾಚಿಕೆಯಾಯಿತು. ಅಷ್ಟರಲ್ಲಿ, ರಜೆಯಲ್ಲವೆ, ನಾಳೆ ತರಗತಿಯೂ ಇಲ್ಲ ಎಂದು ನೆನಪಾಯಿತು.

ಹಾಡು ಕೇಳಿಸಿತು.

ಎಲೆ ಸರಿಸಿ ನೋಡಿದ. ಲೋಕೇಶ ಜಮಖಾನದ ಒಂದು ತುದಿಯಲ್ಲಿ, ತಲೆ ತಗ್ಗಿಸಿ ಹಾರ್ಮೋನಿಯಂ ಒತ್ತುತ್ತಿದ್ದ. ಸುಧಾ ಇನ್ನೊಂದು ತುದಿಯಲ್ಲಿ. ಮಾನಸ ತಾಳ ತಟ್ಟುತ್ತಿದ್ದಳು. ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವಳು ಅವನ ತಾಯಿ. ಅಮ್ಮನಿಗೆ ಹಾಡು ಬರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ.

ಕಾದ. ಯಾರೂ ಯಾರನ್ನೂ ಮುಟ್ಟಲಿಲ್ಲ. ಯಾರೂ ಯಾರನ್ನೂ ಕದ್ದು ನೋಡಲಿಲ್ಲ. ಸುಧಾ ಕಣ್ಣು ಮುಚ್ಚಿಕೊಂಡಿದ್ದಳು. ಆ ಮುಖವನ್ನು ಅವನು ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಲೋಕೇಶನ ಕೈ ಅವಳ ಕೈಮೇಲೆ ಇದ್ದಿದ್ದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಕಾರಿನಲ್ಲೇ ಮಾತು ಜೋಡಿಸಿಕೊಂಡಿದ್ದ. ಇದಕ್ಕೆ ಏನು ಹೇಳುವುದು?

ಹಾಡು ಮುಗಿಯಿತು. "ಅಪ್ಪ ಬರೋದ್ರೊಳಗೆ ಇನ್ನೊಂದು!" ಎಂದಳು ಮಾನಸ.

"ಹೂಂ, ಬೇಗ ಹಿಡೀರಿ ಮೇಷ್ಟ್ರೆ," ಎಂದಳು ವಿಶಾಲಾಕ್ಷಮ್ಮ.

ಸುಧಾ ನಕ್ಕಳು. ರಸ್ತೆಯ ಕಡೆ ಒಮ್ಮೆ ನೋಡಿದಳು.

ಅವರ ಮುಂದೆ ಈಗಲೇ ಹೋಗಿ ನಿಲ್ಲಬೇಕು ಅನ್ನಿಸಿತು. ಸುತ್ತಿ ಬರುವಷ್ಟು ತಾಳ್ಮೆಯಿರಲಿಲ್ಲ. ಕೂತು, ಜಾರಿ, ಕಂದಕಕ್ಕೆ ಇಳಿದ. ಕೆಳಗಿನಿಂದ ನೋಡಿದರೆ ಎದುರಿನ ಗೋಡೆ ಎಣಿಸಿದ್ದಕ್ಕಿಂತ ಕಡಿದು. ಬೇರು ಹಿಡಿದ, ಕಿತ್ತುಬಂತು. ಕಾಲು ಊರಿದಲ್ಲೆಲ್ಲ ಕೆಂಪು ಮಣ್ಣು ಉದುರಿತು. ಇಳಿದ ಬದಿಗೂ ಹತ್ತಲಾಗಲಿಲ್ಲ.

ಮೇಲೆ ಹಾಡು ಶುರುವಾಯಿತು.

ಕರೆಯಲೆಂದು ಬಾಯಿ ತೆರೆದ. ಕರೆದರೆ ಬರುತ್ತಾರೆ, ನಾಲ್ಕೂ ಮುಖಗಳು ಅಂಚಿನಿಂದ ಬಗ್ಗಿ ನೋಡುತ್ತವೆ. ಇಲ್ಲಿ ಹೇಗೆ ಬಂದ್ರಿ ಎಂದು ಯಾರೂ ಕೇಳುವುದಿಲ್ಲ. ಅವನು ಬಾಯಿ ಮುಚ್ಚಿದ.

ಎದುರಿನ ಗೋಡೆಯಲ್ಲಿ, ಅವನ ತಲೆಗಿಂತ ಮೇಲಿನವರೆಗೆ, ಮಣ್ಣು ಆಳವಾಗಿ ಗೀರಿಹೋಗಿತ್ತು. ಎಂದೋ ಬಿದ್ದ ಆನೆಯೊಂದು ಹತ್ತಲು ಹೆಣಗಿದ ಗುರುತು. ಒಂದೇ ಕಡೆಯಲ್ಲ, ಕಂದಕದ ಉದ್ದಕ್ಕೂ, ಎರಡೂ ಬದಿಗೆ. ಧರ್ಮೇಂದ್ರ ಆ ಗೀರುಗಳ ಜಾಡು ಹಿಡಿದು ನಡೆದ. ತಿರುವಿನಲ್ಲಿ ಅವು ನಿಂತುಬಿಟ್ಟಿದ್ದವು. ಅಲ್ಲಿ ಮಣ್ಣು ಜರಿದು ದಾರಿಯಾಗಿರಲಿಲ್ಲ, ಮೂಳೆಯೂ ಇರಲಿಲ್ಲ. ಆನೆ ಹೊರಬಿದ್ದದ್ದು ಹೇಗೆಂದು ಹೇಳುವ ಗುರುತು ಒಂದೂ ಇಲ್ಲದೆ ಗೋಡೆ ನುಣ್ಣಗಿತ್ತು. ಮೇಲೆ ಅವನಿಲ್ಲದ ಹಾಡು ನಡೆದೇ ಇತ್ತು.